ಕುಂಕುಮವಿಟ್ಟ ಆಮೆ

ಈ ಇಳಿವಯಸ್ಸಿನಲ್ಲೂ ದೂರದ ಕೊಂಬೆಯ ಹಕ್ಕಿಯನ್ನು ಗುರುತಿಸುವಷ್ಟು ಕಣ್ಣಬೆಳಕು ಉಳಿಸಿಕೊಟ್ಟ ಪರಶಿವನಿಗೆ, ಕಂಡದ್ದನ್ನು ಕಂಡಂತೆಯೇ ಹೇಳಬೇಕೆಂದು ಕಲಿಸಿದ ಗುರುವಿಗೆ, ಕಾಣಿಸಿಕೊಳ್ಳುವ ಕೃಪೆ ತೋರಿದ ಸಕಲ ಜೀವಿಗಳಿಗೆ ಮೊದಲು ಕೈಮುಗಿಯುತ್ತೇನೆ.

ಸಂಸ್ಕೃತ ಪಾಠ ಹೇಳುವ ಕೆಲಸದಿಂದ ನಿವೃತ್ತನಾಗಿ ಬಾಗಲಕೋಟೆಯ ನವನಗರದಲ್ಲಿ ನೆಲೆಸಿದ ಮೇಲೆ, ನಮ್ಮ ಸೀಮೆಯಲ್ಲಿ ಕಂಡ ಪ್ರಾಣಿಪಕ್ಷಿಗಳ ಚಿತ್ರ ತೆಗೆದು, ಸ್ಥಳದ ವಿವರದೊಡನೆ ಮೊಬೈಲಿನ ಆ್ಯಪಿನಲ್ಲಿ ದಾಖಲಿಸುವ ಸೇವೆಗೆ ತೊಡಗಿದೆ. ಹೆಸರು ತಿಳಿದರೆ ನಾವೇ ಬರೆಯುತ್ತೇವೆ. ತಪ್ಪಿದ್ದರೆ ಎಲ್ಲೋ ಕುಳಿತ ಬಲ್ಲವರು ತಿದ್ದುತ್ತಾರೆ. ಈ ಕೆಲಸದಲ್ಲಿ ನನ್ನ ಜೊತೆಗಾರರು ಹುನಗುಂದದ ಬೀಜದಂಗಡಿಯ ಸಾಹೇಬರು. ಅಂಗಡಿಗೆ ಬಿಡುವಾದ ದಿನ ಇಬ್ಬರೂ ಬಾದಾಮಿಯಲ್ಲಿ ಕೂಡಿ ಮಹಾಕೂಟದ ಕಡೆಯ ಗುಡ್ಡದ ದಾರಿ ಹಿಡಿಯುತ್ತೇವೆ.

ಆ ದಾರಿಯ ಬದಿಗೆ ಒಂದು ಸಣ್ಣ ಶಿವಗುಡಿ, ಅದರ ಮುಂದೆ ಹೊಂಡ. ಹೊಂಡದ ಮೆಟ್ಟಿಲ ಮೇಲೆ ಬಿಸಿಲಿಗೆ ಮೈ ಕಾಯಿಸುವ ನಾಡ ಆಮೆಗಳು ನಮಗೆ ಹಳೆಯ ಪರಿಚಯ. ಸದ್ದಾದರೆ ಕಾಲನ್ನು ಒಳಗೆಳೆದು, ಹೊಟ್ಟೆಯಡಿಯ ಮುಚ್ಚಳವನ್ನು ಬಾಗಿಲಿನಂತೆ ಹಾಕಿಕೊಳ್ಳುತ್ತವೆ. ಕಳೆದ ಶ್ರಾವಣದಲ್ಲಿ ಅವು ಕೂರುವ ಕಲ್ಲಿನ ಮೇಲೆ ಹಸಿರು ತಲೆಯ ಬೇರೊಂದು ಆಮೆ ಕುಳಿತಿತ್ತು. ಕಣ್ಣಿನ ಹಿಂದೆ ಎರಡೂ ಬದಿಗೆ ಕೆಂಪು ಗೀರು. ದಂಡೆಯ ಕಲ್ಲುಗಳಿಗೆಲ್ಲ ಕುಂಕುಮ ಹಚ್ಚಿರುವ ಆ ಜಾಗದಲ್ಲಿ ನನಗೆ ಬೇರೇನೂ ತೋಚಲಿಲ್ಲ. ಯಾರೋ ಭಕ್ತರು ಪೂಜಿಸಿದ್ದಾರೆಂದು ಭಾವಿಸಿ, ‘ನಾಡ ಆಮೆ, ಕುಂಕುಮ ಹಚ್ಚಲಾಗಿದೆ’ ಎಂದು ಚಿತ್ರದ ಕೆಳಗೆ ಬರೆದೆ. ಬರೆದು ನಾನೂ ಕೈಮುಗಿದೆ.

ಮರುದಿನವೇ ತಿದ್ದುಪಡಿ ಬಂದಿತು. ಅದು ಕುಂಕುಮವಲ್ಲ, ಹುಟ್ಟುಬಣ್ಣ, ಆಮೆ ಅಮೆರಿಕದ್ದು. ಗಾಜಿನ ತೊಟ್ಟಿಯಲ್ಲಿ ಸಾಕಲು ಮರಿಗಳನ್ನು ಮಾರುತ್ತಾರೆ. ದೊಡ್ಡದಾದ ಮೇಲೆ ಹೊಂಡಕ್ಕೆ ಬಿಟ್ಟರೆ ನಾಡ ಆಮೆಗಳ ಮೇವನ್ನೂ ಜಾಗವನ್ನೂ ಕಸಿಯುತ್ತದೆ, ರೋಗವನ್ನೂ ತರಬಹುದು.

ಸಾಹೇಬರು ಫೋನಿನಲ್ಲಿ ನಕ್ಕರು. “ಗುರುಗಳ, ಒಂದ್ಸಲ ಒರೆಸಿ ನೋಡಬೇಕಿತ್ತಲ್ರಿ.”

ನನಗೆ ನಗು ಬರಲಿಲ್ಲ. ಮರುದಿನ ಪೂಜೆಗೆ ಕುಳಿತರೂ ಮನಸ್ಸು ಲಿಂಗದ ಮೇಲೆ ನಿಲ್ಲದೆ ಆ ಕಲ್ಲಿನ ಮೇಲೆ ಹೋಗಿ ಕೂರುತ್ತಿತ್ತು. ಬಿಲ್ವಪತ್ರೆ ಏರಿಸಿದೆನೋ ಇಲ್ಲವೋ ಎಂದು ಮತ್ತೆ ಏರಿಸುತ್ತಿದ್ದೆ. ಆಮೆಯನ್ನು ಹಿಡಿದು ತರೋಣವೆಂದು ಹೋಗಿ ಹೊಂಡದ ಮೆಟ್ಟಿಲಿಳಿಯುವಾಗ ಗುಡಿಯ ಪೂಜಾರಿ ತಡೆದರು. ಅದು ಹರಕೆಯ ಆಮೆ; ಅದನ್ನು ಬಿಟ್ಟ ಇಳಕಲ್ಲಿನ ಹೆಣ್ಣುಮಗಳು ಸೋಮವಾರ ಬಂದು ಚುರಮರಿ ಹಾಕುತ್ತಾಳೆ; ಅವಳನ್ನು ಕೇಳದೆ ಮುಟ್ಟುವುದು ಬೇಡ ಎಂದರು. ಸೋಮವಾರದವರೆಗೆ ನಾನು ಮನೆಯೊಳಗೆ ಅಡ್ಡಾಡಿದ್ದೇ ಅಡ್ಡಾಡಿದ್ದು.

ಸೋಮವಾರ ನಾನೂ ಸಾಹೇಬರೂ ಹೊಂಡದ ಬಳಿ ಕಾದಿರುವಾಗ ಅವಳು ಬಂದಳು. ಮನೆಯಲ್ಲಿ ಸೀರೆ ನೇಯುವವರು. ಅಂಗೈಯಗಲದ ಮರಿಯಾಗಿ ತಂದ ಆಮೆ ಬೋಗುಣಿಗೆ ಹಿಡಿಯದಷ್ಟು ಬೆಳೆದಿತ್ತು. ಅಷ್ಟರಲ್ಲಿ ಗಂಡನಿಗೆ ಎದೆನೋವು. ಬಾಗಲಕೋಟೆಯ ದವಾಖಾನೆಯಲ್ಲಿ ಆ ವಾರವೇ ಆಪರೇಷನ್. ಪ್ರೀತಿಯಿಂದ ಸಾಕಿದ್ದನ್ನೇ ಶಿವನಿಗೆ ಒಪ್ಪಿಸಿ ಹರಕೆ ಹೊತ್ತಿದ್ದಳು. ನಾನು ನಾಡ ಆಮೆಗಳ ಸಂಕಟವನ್ನು ವಿವರಿಸಿದೆ. ಅವಳು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದಳು.

“ದೇವರಿಗೆ ಕೊಟ್ಟಿದ್ದನ್ನ ವಾಪಸ್ ಒಯ್ದು, ನಾಳೆ ಅವರಿಗೆ ಏನರ ಆದ್ರ, ಅಜ್ಜಾರ? ಆವಾಗ ನೀವು ಬರ್ತೀರೇನ್ರಿ?”

ಅವಳ ಭಯವನ್ನು ನಾನು ಮೂಢನಂಬಿಕೆ ಎನ್ನಲಾರೆ. ಅದೇ ದೇವರಿಗೆ ನಾನೂ ದಿನವೂ ಬೇಡುವವನು. ಹೊಂಡದಲ್ಲಿ ಒಂದು ನಾಡ ಆಮೆ ಮೂಗು ಮೇಲೆತ್ತಿ, ಏರಲು ಜಾಗವಿಲ್ಲದೆ ಮುಳುಗಿತು. ಕಣ್ಣು ತಿರುಗಿಸಿದಾಗ ಅವಳ ಬುಟ್ಟಿ ಕಂಡಿತು. ಅದರಲ್ಲಿ ಪೂಜಾರಿ ಆಗಷ್ಟೇ ಮರಳಿಸಿದ ತೆಂಗಿನಕಾಯಿಯ ಹೋಳು.

“ತಂಗಿ, ಈ ಕಾಯಿ ದೇವರಿಗೆ ಕೊಟ್ಟಿದ್ದಲ್ಲೇನು? ಮತ್ತ ಮನೀಗೆ ಹೆಂಗ ಒಯ್ತೀ?”

“ಅದು ಪ್ರಸಾದ ಐತಲ್ರಿ.”

ಹೇಳಿದವಳೇ ಹೋಳನ್ನು ಕೈಗೆತ್ತಿಕೊಂಡಳು. ಅದನ್ನೇ ನೋಡಿ, ಆಮೆಗೂ ಆ ಮಾತು ಸಲ್ಲುತ್ತದೆಯೇ ಎಂದು ಕೇಳಿದಳು. ಶಿವನು ಸ್ವೀಕರಿಸಿದ್ದಾನೆ, ಈಗ ನಿನ್ನ ಕೈಗೇ ಮರಳಿಸುತ್ತಿದ್ದಾನೆ ಎಂದೆ. ಹೊಂಡವನ್ನು ಉಳಿಸಲೆಂದು ಹೂಡಿದ ಉಪಾಯವೋ ಇದು ಎಂದು ನನ್ನನ್ನೇ ಕೇಳಿಕೊಂಡೆ. ಅಲ್ಲ, ನಾನು ನಂಬಿದ್ದನ್ನೇ ಹೇಳಿದ್ದೆ.

ಅವಳು ಪೂಜಾರಿಯಿಂದ ಮಂಗಳಾರತಿ ಮಾಡಿಸಿ, ಮೆಟ್ಟಿಲಿಳಿದು ಚುರಮರಿ ಹಿಡಿದು ಕರೆದಳು. ಸಾಕಿದ ಕೈಯ ಗುರುತಿತ್ತೋ ಏನೋ, ಆಮೆ ನೇರವಾಗಿ ಬಂದಿತು. ಎರಡೂ ಕೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡು ಬುಟ್ಟಿಯಲ್ಲಿಟ್ಟಳು. ಬುಟ್ಟಿಯನ್ನು ಬಸ್ಸಿಗೆ ಹೊತ್ತ ಸಾಹೇಬರು ಏದುಸಿರು ಬಿಡುತ್ತ, “ಯಕ್ಕಾ, ಭಾಳ ವಜ್ಜಿ ಐತ್ರಿ ನಿಮ್ಮ ಪ್ರಸಾದ” ಎಂದರು. ಆ ದಿನ ಅವಳು ಮೊದಲ ಸಲ ನಕ್ಕಳು.

ಆಪರೇಷನ್ ಮುಗಿದ ಸುದ್ದಿ ಬರುವವರೆಗೆ ನನಗೆ ನಿದ್ದೆಯಿರಲಿಲ್ಲ. ಈಗ ಆಕೆಯ ಗಂಡ ಮನೆಯ ಮಾಳಿಗೆಯ ಮೇಲೆ ಕಟ್ಟಿಸಿದ ತೊಟ್ಟಿಗೆ ತಾವೇ ನೀರು ಬದಲಿಸುತ್ತಾರಂತೆ. ನಾಡ ಆಮೆಗಳು ತಮ್ಮ ಕಲ್ಲಿಗೆ ಮರಳಿವೆ. ಆದರೂ ಹೊಂಡದ ಬಳಿ ಹೋದಾಗಲೆಲ್ಲ ನೀರಿನಲ್ಲಿ ಹೂವಿನ ಎಸಳು ತೇಲಿದರೂ, ಕೆಂಪು ಕಂಡಿತೆಂದು ಎದೆ ಧಸಕ್ಕೆನ್ನುತ್ತದೆ.

ತಿದ್ದಿದ ಕಾಣದ ಬಲ್ಲವರಿಗೆ, ತಡೆದ ಪೂಜಾರಿಗೆ, ಹೊತ್ತ ಸಾಹೇಬರಿಗೆ, ಕೊಟ್ಟು ಮರಳಿ ಪಡೆದ ಆ ತಾಯಿಗೆ ಮತ್ತು ಆಕೆಯ ಮನೆಯವರಿಗೆ, ಹೊಂಡದ ಆಮೆಗಳಿಗೂ ತೊಟ್ಟಿಯ ಆಮೆಗೂ ಶಿವನು ದೀರ್ಘಾಯುಷ್ಯ ಕೊಡಲಿ.