ತುಕ್ಕಿನ ಡೆಕ್ಕಿನೊಳಗೆ ಹೊಗೆಯಾಡಿದ ಹುಲ್ಲು

ಪರದೇಶಕ್ಕೆ ಬಂದು ನಾರ್ತ್‌ವಿಲ್‌ನಲ್ಲಿ ನಾವು ಕೊಂಡ ಮನೆಯ ಹಿಂದೆ ಎಕರೆಯಷ್ಟು ಹುಲ್ಲಿತ್ತು. ಶೆಡ್ಡಿನಲ್ಲಿ ಹಳೆಯ ಮಾಲೀಕರು ಬಿಟ್ಟುಹೋದ, ಮೇಲೆ ಕೂತು ಓಡಿಸುತ್ತಾ ಹುಲ್ಲು ಕತ್ತರಿಸುವ ಮಶೀನು. ಮೊದಲ ಬೇಸಿಗೆಯಲ್ಲೇ ನನಗೆ ಅದರ ಭಯ ಹತ್ತಿತು. ಗಂಡ ಓಡಿಸುತ್ತಿದ್ದಾಗ ಅಡಿಯಿಂದ ಏನೋ ಸಿಡಿದು, ಮಗಳು ಆಡುತ್ತಿದ್ದ ಉಯ್ಯಾಲೆಯ ಕಂಬಕ್ಕೆ ಠಣ್ಣೆಂದು ಬಡಿಯಿತು. ಎತ್ತಿ ನೋಡಿದರೆ ಅಂಗೈಯಗಲದ ತುಕ್ಕು ತಗಡು. ಬ್ಲೇಡುಗಳ ಮೇಲೆ ಬೋಗುಣಿಯಂತೆ ಕವಿದಿರುವ ಕಬ್ಬಿಣದ ಡೆಕ್ಕು ತೂತುಬಿದ್ದು ಉದುರತೊಡಗಿತ್ತು.

"ಎಸೆದುಬಿಡೋಣ ಕಣ್ರೀ," ಎಂದೆ.

"ಎಂಜಿನ್ ಚೆನ್ನಾಗಿದೆ. ಡೆಕ್ ಒಂದು ರಿಪೇರಿ ಮಾಡಿದ್ರೆ ಸಾಕು," ಎಂದರು. ವಾರೆನ್ ಊರಿನ ಕಂಪನಿಯಲ್ಲಿ ಕಾರು ಡಿಸೈನ್ ಮಾಡುವವರಿಗೆ ಯಾವ ಯಂತ್ರವನ್ನೂ ಎಸೆಯಲು ಮನಸ್ಸು ಬಾರದು.

ಡೆಕ್ಕನ್ನು ಕಳಚಿ ಗ್ಯಾರೇಜಿಗೆ ಎಳೆದು ತಂದು ಮಗುಚಿ ಹಾಕಿದರು. ಬೋಲ್ಟುಗಳು ತುಕ್ಕಿನಲ್ಲಿ ಕಚ್ಚಿಕೊಂಡಿದ್ದವು. ಎಣ್ಣೆ ಬಿಟ್ಟು, ಬಡಿದು, ಒಂದೊಂದಾಗಿ ತೆಗೆದರು. ಕೊನೆಯದು ಮಾತ್ರ ಅಲುಗಲಿಲ್ಲ. ಶನಿವಾರ ಹುಬ್ಬಳ್ಳಿ ಕಡೆಯ ಅಂಕಲ್ ಒಬ್ಬರು, ನಮ್ಮ ಮಸೀದಿಯ ಪರಿಚಯ, ಬೋಲ್ಟು ಕಾಯಿಸಲು ಬೆಂಕಿಯುಗುಳುವ ಗ್ಯಾಸ್ ಟಾರ್ಚ್ ತಂದರು. ಮಳೆ ಶುರುವಾಗಿದ್ದರಿಂದ ಗ್ಯಾರೇಜಿನ ದೊಡ್ಡ ಬಾಗಿಲು ಹಾಕಿದ್ದರು.

"ಅಂಕಲ್, ಒಳಗೆಲ್ಲಾ ಹುಲ್ಲು ಮೆತ್ತಿದೆ. ತೊಳೆದು ಮಾಡಬಾರ್ದಾ?" ಎಂದೆ.

"ಹಸಿ ಹುಲ್ಲು ಎಲ್ಲಿ ಉರೀತದ ಬೇಟಿ? ಏನೂ ಆಗೂದಿಲ್ಲ ತಗೋ."

ಬೋಲ್ಟು ಕೆಂಪಾಯಿತು, ಕಿರುಗುಟ್ಟಿತು, ಕೊನೆಗೆ ತಿರುಗಿತು. ಇಬ್ಬರೂ ಗೆದ್ದವರಂತೆ ನಗುತ್ತಾ ಹೊಸ ಬೋಲ್ಟು ತರಲು ಅಂಕಲ್ ಕಾರಿನಲ್ಲಿ ಹೊರಟರು.

ಮಗಳು ಜ್ವರದಿಂದ ಮಲಗಿದ್ದಳು. ಅವಳ ಕೋಣೆ ಗ್ಯಾರೇಜಿನ ಮೇಲೆಯೇ. ನಾನು ಗಂಜಿ ಇಟ್ಟಿದ್ದೆ. ಸುಟ್ಟ ವಾಸನೆ ಬಂದಾಗ ಮೊದಲು ಪಾತ್ರೆಯನ್ನೇ ನೋಡಿದೆ. ಗಂಜಿ ಸರಿಯಾಗಿಯೇ ಇತ್ತು.

ಒಲೆ ಆರಿಸಿ, ಅಡುಗೆಮನೆಯಿಂದ ಗ್ಯಾರೇಜಿಗೆ ಹೋಗುವ ಬಾಗಿಲು ತೆರೆದೆ. ಹೊಗೆ ಮುಖಕ್ಕೆ ಬಡಿಯಿತು. ಡೆಕ್ಕಿನ ಅಂಚಿನಲ್ಲಿ, ಮೆತ್ತಿದ ಹುಲ್ಲಿನೊಳಗೆ, ಕೆಂಪು ಗೆರೆಯೊಂದು ನಿಧಾನವಾಗಿ ಸರಿಯುತ್ತಿತ್ತು. ಪಕ್ಕದಲ್ಲೇ ಪೆಟ್ರೋಲ್ ಕ್ಯಾನು.

ಮೇಲಕ್ಕೆ ಓಡಲೇ, ಕ್ಯಾನು ಎತ್ತಲೇ? ಎರಡು ಮೆಟ್ಟಿಲು ಹತ್ತಿ ಮತ್ತೆ ಇಳಿದೆ. ದೊಡ್ಡ ಬಾಗಿಲಿನ ಬಟನ್ ಒತ್ತಲು ಕೈ ಚಾಚಿದವಳು, ಅಲ್ಲಿಂದಲೇ ಕಿಡಿ ಹಾರಿದರೆ ಎಂದು ಹಿಂತೆಗೆದೆ. "ಬಿಸ್ಮಿಲ್ಲಾ" ಎಂದು ಉಸಿರು ಕಟ್ಟಿ ಒಳಗೆ ನುಗ್ಗಿ ಕ್ಯಾನು ಎತ್ತಿದೆ. ಅದು ಬೆಚ್ಚಗಿತ್ತು. ಆ ಬಿಸಿ ಈಗಲೂ ನನ್ನ ಬೆರಳುಗಳಿಗೆ ಗೊತ್ತು. ಅಡುಗೆಮನೆ ದಾಟಿ ಹಿತ್ತಲಿನ ಮಳೆಯಲ್ಲಿ ದೂರ ಇಟ್ಟು ಓಡಿ ಬಂದೆ. ಮಗಳನ್ನು ಕಂಬಳಿ ಸಮೇತ ಹೊತ್ತು ತಂದು ಶೆಡ್ಡಿನೊಳಗೆ ಕೂರಿಸಿದೆ.

"ಮಾಮ್, ವಾಟ್ ಹ್ಯಾಪನ್ಡ್?"

"ಏನಿಲ್ಲ. ಇಲ್ಲಿಂದ ಏಳಬೇಡ."

ತೋಟದ ಪೈಪ್ ಎಳೆದು, ಗ್ಯಾರೇಜಿನ ಪಕ್ಕದ ಬಾಗಿಲಿನಿಂದ ಡೆಕ್ಕಿನ ಮೇಲೆ ನೀರು ಬಿಟ್ಟೆ. ಹಾವಿನಂತೆ ಬುಸುಗುಟ್ಟಿತು. ಆರಿದೆ ಎಂದುಕೊಂಡರೆ ಇನ್ನೊಂದು ಮೂಲೆಯಿಂದ ಹೊಗೆ. ಕೊನೆಗೆ ಎಲ್ಲವೂ ಕಪ್ಪು ಕೆಸರಾದ ಮೇಲೂ ಪೈಪನ್ನು ಬಿಡಲು ಕೈ ಒಪ್ಪಲಿಲ್ಲ.

ಅವರಿಬ್ಬರೂ ಬಂದಾಗ ನಾನು ಇನ್ನೂ ನೀರು ಬಿಡುತ್ತಲೇ ಇದ್ದೆನಂತೆ. ಗಂಡ ನನ್ನನ್ನು ದಾಟಿಕೊಂಡು ಮಗಳ ಹೆಸರು ಕೂಗುತ್ತಾ ಮೇಲಕ್ಕೆ ಓಡಿದರು. ಶೆಡ್ಡಿನಲ್ಲಿದ್ದಾಳೆ ಎಂದು ನಾನು ಹೇಳುವಷ್ಟರಲ್ಲಿ ಮೆಟ್ಟಿಲು ಹತ್ತಿಯಾಗಿತ್ತು. ಆ ಹಾಸಿಗೆ ಖಾಲಿ ಕಂಡ ಕ್ಷಣದ ಬಗ್ಗೆ ಅವರು ಇವತ್ತಿಗೂ ಮಾತಾಡುವುದಿಲ್ಲ. ಅಂಕಲ್ ನನ್ನ ಕೈಯಿಂದ ಪೈಪು ಬಿಡಿಸಿಕೊಂಡು, "ನಿನ್ನ ಮಾತು ಕೇಳಬೇಕಿತ್ತವ್ವಾ," ಎಂದರು.

ಡೆಕ್ಕು ಸರಿಯಾಯಿತು. ತೂತಿದ್ದಲ್ಲಿ ಹೊಸ ತಗಡು ಬೆಸೆದು, ತುಕ್ಕು ಉಜ್ಜಿ, ಕಪ್ಪು ಬಣ್ಣ ಬಳಿದು, ಹೊಸ ಬೋಲ್ಟು ಬಿಗಿದರು. ಮತ್ತೆ ಅದರಿಂದ ಏನೂ ಸಿಡಿಯಲಿಲ್ಲ. ಆದರೂ ಹುಲ್ಲು ಕತ್ತರಿಸಿ ಮಶೀನನ್ನು ಗ್ಯಾರೇಜಿಗೆ ತಂದು ನಿಲ್ಲಿಸಿದ ದಿನ ನಾನು ಮತ್ತೆ ಮತ್ತೆ ಹೋಗಿ, ಬಗ್ಗಿ, ಡೆಕ್ಕಿನ ಮೇಲೆ ಅಂಗೈ ಇಟ್ಟು ನೋಡುತ್ತಿದ್ದೆ. ಪೂರ್ತಿ ತಣ್ಣಗಾಗುವವರೆಗೆ ಮಗಳನ್ನು ಅವಳ ಕೋಣೆಗೆ ಕಳಿಸುತ್ತಿರಲಿಲ್ಲ.