ನಮ್ಮ ರೂಮಿನ ಸುಡಾನಿ

ಕುವೈತಿನ ಮೈದಾನ್ ಹವಲ್ಲಿಯ ಆ ರೂಮಿನ ಬಾಗಿಲು ತಟ್ಟಿದಾಗ ತೆರೆದವರು ಕಾರ್ಕಳದ ಕಡೆಯವರು, ನಾನು ಸೇರಿದ ಕಂಪನಿಯಲ್ಲೇ ಕ್ಲರ್ಕು. ನನ್ನನ್ನು ಕಂಡದ್ದೇ ಹರಕುಮುರುಕು ಅರಬ್ಬಿಯಲ್ಲಿ ಏನು ಬೇಕೆಂದು ಕೇಳಿದರು. ಇಲ್ಲಿ ಜಾಗ ಇದೆಯೆಂದು ಆಫೀಸಿನವರು ಕಳಿಸಿದ್ದಾರೆ, ನನ್ನ ಊರು ಯಲ್ಲಾಪುರ ಎಂದು ಕನ್ನಡದಲ್ಲಿ ಹೇಳಿದೆ. ಅವರು ಒಳಗಿದ್ದ ಉಳ್ಳಾಲದ ಬ್ಯಾರಿಯನ್ನು ಕೂಗಿ ಕರೆದರು. ಇಬ್ಬರೂ ನಿಂತು ನನ್ನಿಂದ ಅದನ್ನೇ ಮತ್ತೊಮ್ಮೆ ಹೇಳಿಸಿ ಕೇಳಿದರು.

"ಕನ್ನಡ ಎಷ್ಟು ಚಂದ ಮಾತಾಡ್ತೀಯ ಮಾರಾಯ, ಯಾರು ಕಲಿಸಿದ್ದು?" ಎಂದರು ಕಾರ್ಕಳದವರು. ನಮ್ಮವ್ವ ಎಂದೆ. ಅದಕ್ಕೂ ನಕ್ಕರು.

ನಾನು ಸಿದ್ದಿ. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಯಾರು, ಯಾವಾಗ ಹಡಗಿಗೆ ಹತ್ತಿಸಿ ತಂದರೋ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಯಲ್ಲಾಪುರದ ಕಾಡು, ಅಲ್ಲಿಯ ಕೂಲಿ, ಅಲ್ಲಿಯ ಶಾಲೆ. ಊರಿನಲ್ಲಿ ನಮ್ಮನ್ನು ಅಂಗಳದಾಚೆ ನಿಲ್ಲಿಸಿದವರು ಕೂಡ ಎಲ್ಲಿಯವನೋ ನೀನು ಎಂದು ಕೇಳುತ್ತಿರಲಿಲ್ಲ. ಅದನ್ನು ಕೇಳಿಸಿಕೊಳ್ಳಲು ನಾನು ಕುವೈತಿಗೆ ಬಂದು ನಮ್ಮವರ ಜೊತೆಯೇ ಇರಬೇಕಾಯಿತು.

ಬ್ಯಾಚುಲರ್ ರೂಮುಗಳಲ್ಲಿ ಎಲ್ಲರಿಗೂ ಒಂದೊಂದು ಅಡ್ಡಹೆಸರು. ಸಾರಿನ ಉಪ್ಪಿನ ಮೇಲೂ ಅಧಿಕಾರ ಚಲಾಯಿಸುವ ಕಾರ್ಕಳದ ಅಣ್ಣ 'ಮ್ಯಾನೇಜರ್'. ಕೂತಲ್ಲೇ ನಿದ್ದೆ ಹೋಗುವ ಉಳ್ಳಾಲದವರು 'ಗೊರಕೆ'. ನಾನು ಬಂದು ವಾರವಾಗುವ ಮೊದಲೇ 'ಸುಡಾನಿ' ಆದೆ. ಅವರ ಹೆಸರುಗಳು ಅವರ ಬುದ್ಧಿಯಿಂದ ಬಂದವು, ನನ್ನದು ಮುಖ ನೋಡಿ ಇಟ್ಟದ್ದು. ಸಿಟ್ಟು ಬಂತು. ಆದರೆ ಕರೆದಾಗ "ಓ" ಎಂದೆ. ಹೊಸಬ ಮುಖ ಗಂಟಿಕ್ಕಿಕೊಂಡರೆ ಏನು ಚಂದ?

ಕೆಟ್ಟವರೇ ಆಗಿದ್ದರೆ ಬೈದು ಬೇರೆ ರೂಮು ನೋಡಿಕೊಳ್ಳುತ್ತಿದ್ದೆ. ಜ್ವರ ಬಂದಾಗ ಗಂಜಿ ಕಾಯಿಸಿ ಬಾಯಿಗಿಟ್ಟವರು ಅವರೇ. ಬಂದ ನೆಂಟರಿಗೆ ನನ್ನ ಕೂದಲು ಮುಟ್ಟಿ ನೋಡಲು ಹೇಳುತ್ತಿದ್ದವರೂ ಅವರೇ. ಸಮುದ್ರದ ದಡದಲ್ಲಿ ಊರಿಗೆ ಕಳಿಸಲು ಫೋಟೋ ತೆಗೆಸುವಾಗ, ನಗು ಮಾರಾಯ, ಇಲ್ಲದಿದ್ದರೆ ನೀನು ಕಾಣುವುದೇ ಇಲ್ಲ ಎಂದರು ಅಣ್ಣ. ಆ ಫೋಟೋದಲ್ಲಿ ಎಲ್ಲರಿಗಿಂತ ಹೆಚ್ಚು ಹಲ್ಲು ಬಿಟ್ಟವನು ನಾನು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿ ಸೈನ್ಯ ಬಂತು. ನಮ್ಮ ಕಡೆಯವರಲ್ಲಿ ಹೆಚ್ಚಿನವರು ಬಸ್ಸು ಹತ್ತಿ ಅಮ್ಮಾನಿನ ಮೂಲಕ ಊರಿಗೆ ಹೊರಟರು. ನಾವು ಮೂವರು ಉಳಿದೆವು. ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಅರ್ದಿಯಾದ ಗೋದಾಮು ನೋಡಿಕೊಂಡಿರಿ ಎಂದು ಹೇಳಿ, ನಮ್ಮ ಕಾಗದಪತ್ರಗಳನ್ನೆಲ್ಲ ತನ್ನ ಬಳಿಯೇ ಇಟ್ಟುಕೊಂಡು ಸೌದಿಗೆ ಹೊರಟುಹೋಗಿದ್ದ. ಸುಡಾನ್ ಸರ್ಕಾರ ಇರಾಕಿನ ಪರ ಎಂಬ ಸುದ್ದಿ ಇತ್ತು. ಒಂದು ದಿನ ರೊಟ್ಟಿಯ ಸಾಲಿನಲ್ಲಿ ನಿಂತಿದ್ದಾಗ ಇರಾಕಿ ಸೈನಿಕನೊಬ್ಬ ನನ್ನನ್ನು ನೋಡಿ ಸಹೋದರ ಎಂದು ಕರೆದು ಎಲ್ಲರಿಗಿಂತ ಮುಂದೆ ನಿಲ್ಲಿಸಿದ. ಆಮೇಲೆ ರೊಟ್ಟಿಗೆ ಹೋಗುವುದು ನನ್ನದೇ ಕೆಲಸವಾಯಿತು. ಸುಡಾನಿ ಇದ್ದದ್ದಕ್ಕೆ ಹೊಟ್ಟೆಗೆ ಬಿತ್ತು ಎಂದು ಇಬ್ಬರೂ ತಿಂದರು. ನಾನೂ ತಿಂದೆ.

ಯುದ್ಧ ಮುಗಿದಾಗ ಎಣ್ಣೆಬಾವಿಗಳು ಉರಿಯುತ್ತಿದ್ದವು, ಹಗಲಿಗೇ ದೀಪ ಬೇಕಿತ್ತು. ಹೊರಗೆ ಹೋಗಿ ಬಂದರೆ ಮುಖಕ್ಕೆಲ್ಲ ಮಸಿ. ಉಳ್ಳಾಲದವರು ಕನ್ನಡಿ ನೋಡಿಕೊಂಡು, ಈಗ ನಾವೆಲ್ಲ ಇವನ ಜಾತಿಯೇ ಎಂದು ನಗುತ್ತಾ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದರು. ಬೀದಿಯ ಗಾಳಿ ಆಗಲೇ ತಿರುಗಿತ್ತು. ಇರಾಕಿಗಳ ಜೊತೆ ಸೇರಿದ್ದರೆಂಬ ಅನುಮಾನದ ಮೇಲೆ ಕುವೈತಿ ಸೈನಿಕರು ಕೆಲವರನ್ನು ಚೆಕ್‌ಪೋಸ್ಟುಗಳಲ್ಲಿ ಇಳಿಸಿಕೊಳ್ಳುತ್ತಿದ್ದರು, ಅವರಲ್ಲಿ ಸುಡಾನಿಗಳೂ ಇದ್ದರು. ಇಳಿದವರು ಎಲ್ಲಿಗೆ ಹೋದರೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಆದರೂ ಒಂದು ಬೆಳಿಗ್ಗೆ ಗೋದಾಮಿನಿಂದ ಅಕ್ಕಿ ತರಲು ಮೂವರೂ ಹೊರಟೆವು. ಪಿಕಪ್ಪಿನ ಮುಂದೆ ಅವರಿಬ್ಬರು, ಹಿಂದೆ ತೆರೆದ ಜಾಗದಲ್ಲಿ ನಾನು. ಅರ್ದಿಯಾದ ಹತ್ತಿರ ಕುವೈತಿ ಸೈನಿಕರು ತಡೆದರು. ಒಬ್ಬ ಎಳೆಯ ಸೈನಿಕ ಮುಂದಿನ ಕಿಟಕಿಯಲ್ಲಿ ಇಣುಕಿ "ಹಿಂದಿ?" ಎಂದ. ಅರಬ್ಬಿಯಲ್ಲಿ ಹಾಗೆಂದರೆ ಭಾರತದವರು. ಹೌದೆಂದರು. ಕಾಗದ ಕೇಳಲೂ ಇಲ್ಲ, ಹೋಗಿ ಎಂದು ಕೈ ಬೀಸಿದ. ನಾನು ತಲೆ ತಗ್ಗಿಸಿ ಕೂತಿದ್ದೆ. ಗಾಡಿ ಅಲುಗಿತು. ಆಗ ಅಣ್ಣ ಹಿಂದಿನ ಕಿಟಕಿಗೆ ಬಾಯಿಟ್ಟು, ದಿನಾ ಹೇಳುವ ಹಾಗೆ ಹೇಳಿದರು: "ಸುಡಾನಿ, ಗಟ್ಟಿ ಹಿಡ್ಕೊ."

ಉಳಿದ ಮಾತು ಸೈನಿಕನಿಗೆ ತಿಳಿಯದಿದ್ದರೂ ಆ ಒಂದು ಮಾತು ತಿಳಿಯಿತು. ನನ್ನನ್ನು ಕೆಳಗಿಳಿಸಿದ. ಇನ್ನೊಬ್ಬ ಬಂದೂಕು ಹಿಡಿದು ಬಂದ. ಕಾಗದ ಕೇಳಿದರು, ಇರಲಿಲ್ಲ. ಮುಂದಿನವರಿಬ್ಬರ ಬಳಿಯೂ ಇರಲಿಲ್ಲ, ಆದರೆ ಅವರದ್ದು ಬೇಕಿರಲಿಲ್ಲ. ಭಾರತದವನು ಎಂದು ನಾನು ಹೇಳುತ್ತಲೇ ಇದ್ದೆ. ಪಕ್ಕದಲ್ಲಿ ನಿಂತಿದ್ದ ಜೀಪಿನ ಹಿಂಬಾಗಿಲನ್ನು ಬಂದೂಕಿನವನು ತೆರೆದ.

ಅಣ್ಣ ಓಡಿ ಬಂದರು. ಅದು ತಮಾಷೆಗೆ ಕರೆಯುವ ಹೆಸರು ಎಂದು ಗೋಗರೆದರು. ಯಾಕೆ ಹಾಗೆ ಕರೆಯುತ್ತೀರಿ ಎಂದು ಸೈನಿಕ ಕೇಳಿದ. ಅವರಿಗೆ ಅರಬ್ಬಿ ಸಾಲಲಿಲ್ಲ. ತಮ್ಮ ಕೆನ್ನೆಯನ್ನು ಬೆರಳಿನಿಂದ ಉಜ್ಜಿ, ಆ ಬೆರಳನ್ನು ನನ್ನ ಕಡೆ ತೋರಿಸಿದರು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು.

ಕುವೈತಿಗಳಿಗೆ ಹಿಂದಿ ಸಿನಿಮಾ ಎಂದರೆ ಪ್ರಾಣ. ಭಾರತದವನಾದರೆ ಒಂದು ಸಿನಿಮಾ ಹಾಡು ಹೇಳು ನೋಡೋಣ ಎಂದ ಆ ಎಳೆಯ ಸೈನಿಕ. ಟ್ಯಾಕ್ಸಿಗಳಲ್ಲೆಲ್ಲ ಕೇಳಿಸುತ್ತಿದ್ದ ಒಂದು ಹಾಡನ್ನು ಹಿಡಿದೆ. ಮೊದಲ ಸಾಲಿಗೆ ಸ್ವರವೇ ಹೊರಡಲಿಲ್ಲ. ಎರಡನೆಯದಕ್ಕೆ ಅವನು ಚಪ್ಪಾಳೆ ತಟ್ಟಿದ. ನನ್ನ ಸೊಂಟ ತಾನಾಗಿ ಅಲುಗಿತು, ಕೈ ಮೇಲೆ ಹೋಯಿತು. ಕುಣಿ ಎಂದು ಯಾರೂ ಹೇಳಿರಲಿಲ್ಲ. ಮಸಿ ಸುರಿಯುವ ಆ ರಸ್ತೆಯಲ್ಲಿ ಅವರು ಸಾಕು ಎನ್ನುವವರೆಗೂ ಕುಣಿದೆ. ಸೈನಿಕ ನನ್ನ ಬೆನ್ನು ತಟ್ಟಿ, ಹಿಂದಿ, ಹಿಂದಿ ಎಂದು ನಕ್ಕು ಕಳಿಸಿದ.

ಅಣ್ಣ ನನ್ನನ್ನು ಮುಂದೆ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ರೂಮು ಮುಟ್ಟುವವರೆಗೂ ನನ್ನ ಕೈ ಬಿಡಲಿಲ್ಲ. ಕಣ್ಣಲ್ಲಿ ನೀರಿತ್ತು. ಆ ನೀರು ಸುಳ್ಳು ಎಂದು ನಾನು ಇಂದಿಗೂ ಹೇಳಲಾರೆ.

ಸಂಜೆ ಸುದ್ದಿ ತಿಳಿದು ಕಟ್ಟಡದಲ್ಲಿ ಉಳಿದಿದ್ದ ನಮ್ಮವರು ನೋಡಲು ಬಂದರು. ಅಣ್ಣ ನಡೆದದ್ದನ್ನೆಲ್ಲ ಹೇಳಿದರು. ಹೇಳುತ್ತಾ ಹೇಳುತ್ತಾ ಹೆದರಿಕೆ ಇಳಿದು ನಗು ಬಂತು, ಬಂದವರೂ ನಕ್ಕರು. ನಾನು ಗೋಡೆಗೊರಗಿ ಚಹಾ ಕುಡಿಯುತ್ತಿದ್ದೆ.

"ಒಮ್ಮೆ ಹಾಡಿ ತೋರ್ಸು ಮಾರಾಯ, ಇವರೂ ನೋಡ್ಲಿ," ಎಂದರು ಅಣ್ಣ.

ಲೋಟ ಕೆಳಗಿಟ್ಟೆ. ರೂಮಿನಲ್ಲಿ ಬಂದೂಕು ಹಿಡಿದವರು ಯಾರೂ ಇರಲಿಲ್ಲ. ಎದ್ದು ನಿಂತು, ಮೊದಲ ಸಾಲಿನಿಂದಲೇ ಶುರು ಮಾಡಿದೆ.