ಹಿಂದಿನ ಸೀಟಿನ ಕಾಕು

ಮೊನ್ನೆ ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಸೀಟ್ ಕವರೊಂದು ಕೈಗೆ ಬಂತು. ನನ್ನ ಮೊದಲ ಕಾರಿನದು, ಡ್ರೈವರ್ ಸೀಟಿನದು. ಗಾಡಿ ಮಾರುವಾಗ ಯಾಕೋ ಇದೊಂದನ್ನು ಬಿಚ್ಚಿ ಇಟ್ಟುಕೊಂಡಿದ್ದೆ. ಝಾಡಿಸಿದೆ ನೋಡ್ರಿ, ಗಪ್ಪಂತ ತಂಬಾಕಿನ ವಾಸನೆ ಮೂಗಿಗೆ ಹೊಡೆದು ಸೀನು ಬಂತು. ತಂಬಾಕಿಗೆ ನಾನು ಸೀನುವುದೆಂದರೆ... ಕಾಕು ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಕಾಕು ನಮ್ಮ ಸಂಬಂಧಿಕಳಲ್ಲ. ನಿಪ್ಪಾಣಿಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವಳು, ಗಂಡ ತೀರಿದ ಜೈನರ ಹೆಣ್ಣುಮಗಳು. ನಾನು ಸಾಲಿ ಅರ್ಧಕ್ಕೆ ಬಿಟ್ಟು ತಂಬಾಕಿನ ವಖಾರಿಗೆ, ಅದೇ ಗೋದಾಮಿಗೆ, ಕೂಲಿ ಹೋದವನು. ಚೀಲ ಹೊತ್ತು, ತಂಬಾಕು ಜರಡಿ ಹಿಡಿದು, ಕಡೆಗೆ ಸ್ವಂತ ವ್ಯಾಪಾರ ಹಿಡಿದೆ. ಯಾರ ಮುಂದೂ ಕೈ ಚಾಚಲಿಲ್ಲ. ಕಾಕುಗೆ ದಮ್ಮಿನ ಬ್ಯಾನಿ. ಸುಗ್ಗಿಯಲ್ಲಿ ಊರೆಲ್ಲ ತಂಬಾಕಿನ ಧೂಳೆದ್ದರೆ ಬಾಗಿಲು ಹಾಕಿಕೊಂಡು ಸೆರಗು ಮೂಗಿಗೆ ಹಿಡಿದು ಕೂಡುತ್ತಿದ್ದಳು.

ಕಾಗವಾಡದ ಕಡೆ ಅವಳ ತವರು. ಅಲ್ಲಿ ಅಕ್ಕ ಹಾಸಿಗೆ ಹಿಡಿದಿದ್ದಳು. ನೋಡಲು ಹೊರಟ ಕಾಕು ಬಸ್ಸಿನ ಬೀಡಿ ಹೊಗೆಗೆ ಉಸಿರು ಕಟ್ಟಿ, ಚಿಕ್ಕೋಡಿಯಲ್ಲೇ ಇಳಿದು ವಾಪಸ್ ಬಂದಳು. "ಅಕ್ಕನ ಮಾರಿ ನೋಡೂದು ನನ್ನ ಹಣ್ಯಾಗ ಇಲ್ಲ ಬಿಡು ತಮ್ಮಾ" ಅಂದಳು ಗೋಡೆಯಾಚೆಯಿಂದ. ಬಾಡಿಗೆ ಗಾಡಿ ತರಬಹುದಿತ್ತು. ನನಗೂ ಒಂದು ಸೊಕ್ಕು, ಒಯ್ದರೆ ನನ್ನ ದುಡಿಮೆಯ ಗಾಡಿಯಲ್ಲೇ ಒಯ್ಯಬೇಕು ಅಂತ.

ತೊಂಬತ್ತನೇ ಇಸವಿಯ ಆಸುಪಾಸಿನ ಮಾತು. ಊರಿನ ತಂಬಾಕು ವ್ಯಾಪಾರಿಯೊಬ್ಬ ತನ್ನ ಸಣ್ಣ ಕಾರು ಮಾರಲು ನಿಂತಿದ್ದ. ನಾನು ಎಲ್ಲ ಪರೀಕ್ಷೆ ಮಾಡಿದೆ. ಹಿಂದಿನ ಸೀಟಿನಲ್ಲಿ ಮೊಳಕಾಲು ಮುಂದೆ ತಾಗಲಿಲ್ಲ, ತಲೆ ಮೇಲೆ ಬಡಿಯಲಿಲ್ಲ, ಸ್ಪ್ರಿಂಗು ಚುಚ್ಚಲಿಲ್ಲ. ಡಿಕ್ಕಿಯಲ್ಲಿ ಎರಡು ಚೀಲ ಆರಾಮ ಹಿಡಿಯುತ್ತಿದ್ದವು. ಹೆಮ್ಮೆಯಿಂದ ಕಾಕುವನ್ನು ಕರೆತಂದೆ.

ಅವಳದು ಬೇರೆ ಪರೀಕ್ಷೆ. ಹೊರಗಿನ ನೀರು ಕುಡಿಯುವವಳಲ್ಲ, ಮನೆಯಲ್ಲಿ ಸೋಸಿದ ನೀರಿನ ತಾಮ್ರದ ತಂಬಿಗೆ ಎಲ್ಲಿ ಹೋದರೂ ಸಂಗಡ ಇರುತ್ತಿತ್ತು. ಅದನ್ನು ಕಾಲ ಹತ್ತಿರ ಇಟ್ಟು, ಸೀರೆ ಒತ್ತಿಕೊಂಡು ಕೂತು, ಒಂದು ಸುತ್ತು ಹೊಡಿ ಅಂದಳು. ನೀರು ತುಳುಕಲಿಲ್ಲ. ಆದರೆ ಓಣಿ ದಾಟುವುದರೊಳಗೆ ಕೆಮ್ಮು ಹತ್ತಿತು. ಇಳಿದು ಬಹಳ ಹೊತ್ತು ಗೋಡೆ ಹಿಡಿದು ನಿಂತಳು.

"ಸೀಟ ಮೆತ್ತಗ ಐತಿ ತಮ್ಮಾ. ಆದರ ಇದು ಗಾಡಿ ಅಲ್ಲೋ, ಗಾಲಿ ಹಚ್ಚಿದ ವಖಾರಿ."

ನಾನು, ವ್ಯಾಪಾರಿ, ವ್ಯವಹಾರ ಕುದುರಿಸಲು ಬಂದಿದ್ದ ದಲಾಲ, ಮೂವರೂ ಒಳಗೆ ತಲೆ ಹಾಕಿ ಮೂಸಿದೆವು. ಒಬ್ಬರ ಮೂಗಿಗೂ ಏನೂ ಹತ್ತಲಿಲ್ಲ. ಒಕ್ಕೊರಲಿನಿಂದ ಹೇಳಿದೆವು, ವಾಸನೆ ಎಲ್ಲಿ ಐತ್ರಿ ಅಂತ. ಕಾಕು ಕೆಮ್ಮುತ್ತಲೇ ನಕ್ಕಳು. "ನಿಪ್ಪಾಣಿ ಗಂಡಸರಿಗೆ ಮೂಗ ಇರೂದು ಬರೇ ಚಸ್ಮಾ ಇಡಾಕ."

ಆಮೇಲೆ ದಲಾಲ ಚಿಕ್ಕೋಡಿ, ರಾಯಬಾಗದಿಂದ ಗಾಡಿ ತರಿಸಿ ತೋರಿಸಿದ. ತಂಬಿಗೆ ಹಿಡಿದು ಕಾಕು ಒಂದೊಂದು ಗಾಡಿಯಲ್ಲೂ ಕೂತಳು. ಒಂದರ ಬಾಗಿಲು ಸಣ್ಣದು, ಒಂದರ ಸೀಟು ಎಷ್ಟು ತಗ್ಗೆಂದರೆ ಇದರಾಗ ನೆಲಕ್ಕ ಕೂತಂಗ ಸಾಮಾಯಿಕದ ಧ್ಯಾನ ಮಾಡಬಹುದು, ಊರಿಗೆ ಹೋಗಾಕ ಆಗೂದಿಲ್ಲ ಅಂದಳು. ಕಡೆಗೆ ಕಬ್ಬೂರಿನ ಕಬ್ಬು ಬೆಳೆಯುವ ರೈತನೊಬ್ಬನ ಗಾಡಿ ಅವಳಿಗೆ ಒಪ್ಪಿಗೆಯಾಯಿತು, ಅದನ್ನೇ ಕೊಂಡೆ. ಒಳಗೆ ಬೆಲ್ಲದ ವಾಸನೆ ಅಂತೆ. ನನಗೆ ಅದೂ ಹತ್ತಲಿಲ್ಲ. ಕಾಕು ಕೂಡುವ ಗಾಡಿ ಅಂತ, ಅದರಲ್ಲಿ ಒಂದು ಹಿಡಿ ತಂಬಾಕನ್ನೂ ನಾನು ಎಂದೂ ಹೇರಲಿಲ್ಲ.

ತವರಿಗೆ ಮುಟ್ಟಿದೆವು. ಅಕ್ಕ ತಂಗಿ ಕೈ ಕೈ ಹಿಡಿದುಕೊಂಡು ಕೂತರು. ಹೊತ್ತು ಮುಳುಗಿದರೆ ಜೈನರು ಉಣ್ಣುವಂತಿಲ್ಲ, ಅದಕ್ಕೆ ಕಾಕು ಅಕ್ಕನ ಮುಂದೆಯೇ ಬುತ್ತಿ ಬಿಚ್ಚಿ ಉಂಡು ಹೊರಟಳು. ಅಕ್ಕ ಇರುವ ತನಕ ಹಾಗೇ ಹೋಗಿ ಬಂದೆವು... ಪ್ರತಿ ಸಲವೂ ಕೂತ ಕೂಡಲೇ ಕಾಕು ಕಿಟಕಿಯ ಗ್ಲಾಸು ಇಳಿಸುತ್ತಿದ್ದಳು. ಥಂಡಿ ಇರಲಿ, ಜಿಟಿಜಿಟಿ ಮಳೆ ಇರಲಿ. ಸೆರಗು ತೊಯ್ತೈತಿ, ಗ್ಲಾಸ ಏರಸ ಅಂತ ನಾನು ಬೈದರೂ ಕೇಳುತ್ತಿರಲಿಲ್ಲ. "ಹೊಲಾ ನೋಡ್ಕೋತ ಹೋಗೂಣು ತಮ್ಮಾ" ಅನ್ನುತ್ತಿದ್ದಳು. ಹುಚ್ಚು ಮುದುಕಿ ಅಂದುಕೊಂಡೆ.

ಕಾಕು ಹೋಗಿ ಎಷ್ಟೋ ವರ್ಷವಾಯಿತು. ನಾನೂ ತಂಬಾಕಿನ ಧಂದೆ ಬಿಟ್ಟೆ. ನನಗೆ ತಿಳಿಯದೇ ಮೂಗು ಮರಳಿ ಬಂದಿದೆ. ಇಲ್ಲದಿದ್ದರೆ ಈ ಕವರು ಮೂಸಿದರೂ ಗೊತ್ತಾಗುತ್ತಿರಲಿಲ್ಲ. ತಂಬಾಕು ಹೇರದ ಗಾಡಿಗೆ ಈ ವಾಸನೆ ಎಲ್ಲಿಂದ ಬಂತು ಅಂತ ಮೊದಲು ಹೊಳೆಯಲಿಲ್ಲ. ಆಮೇಲೆ ನೋಡಿದೆ, ಕವರಿನಲ್ಲಿ ಬೆನ್ನು ಊರುವ ಜಾಗವಷ್ಟೇ ಕಪ್ಪಾಗಿತ್ತು. ನನ್ನ ಬೆನ್ನು. ನನ್ನ ಅಂಗಿ, ನನ್ನ ಬೆವರು.

ಬೇರೆಯವರ ಗಾಡಿಗೆ ಮುಖ ಮುರಿದಂತೆ ಹೇಳಿದವಳು ನನಗೆ ಒಂದು ಮಾತೂ ಹೇಳಲಿಲ್ಲ. ಗ್ಲಾಸು ಇಳಿಸಿ ಮಳೆಯಲ್ಲಿ ತೊಯ್ದಳು, ಅಷ್ಟೇ...

ಕವರು ಮಡಚಿ ತೊಡೆಯ ಮೇಲೆ ಇಟ್ಟುಕೊಂಡೆ. ಮನೆಯಲ್ಲಿ ನಾನೊಬ್ಬನೇ. ಗೋಡೆಯಾಚೆ ತಮ್ಮಾ ಅನ್ನುವವರು ಯಾರೂ ಇಲ್ಲ. ಹೊರಗೆ ಮಳೆ ಹನಿಯುತ್ತಿತ್ತು. ಎದ್ದು ಹೋಗಿ ಕಿಟಕಿ ಪೂರ್ತಿ ತೆರೆದೆ.